ಉಪ್ಪು ದಾಟಿಸುವ ಡಾಕ್ಟರು

ನಮ್ಮ ಸಿಂದಗಿಯ ಬಸಂತರಾಯರು ಯಾವ ನಮೂನೆಯ ಡಾಕ್ಟರೆಂದು ಊರಿಗೆ ತಿಳಿಯಲೇ ಇಲ್ಲ. ಕೆಮ್ಮೆಂದು ಬಂದವರಿಗೆ, “ನಾ ಆ ಡಾಕ್ಟರ್ ಅಲ್ರಿ,” ಎನ್ನುತ್ತಿದ್ದರು. ಕಪ್ಪೆಯ ಚರ್ಮವನ್ನು ಉಪ್ಪು ಹೇಗೆ ದಾಟುತ್ತದೆಂದು ತಿಳಿಯಲು ದೂರದ ಪಟ್ಟಣದ ಪ್ರಯೋಗಶಾಲೆಯಲ್ಲಿ ಹದಿನೆಂಟು ವರ್ಷ ಮಹಾಯುದ್ಧ ಹೂಡಿದ ವೀರರು ಅವರು. ರಜೆಗೆ ಬಂದಾಗಲೆಲ್ಲ ತಾಯಿ ಕಸ್ತೂರೆವ್ವ, “ಉಪ್ಪು ದಾಟಿತೇನಪಾ?” ಎನ್ನುವುದು, ಇವರು, “ಇನ್ನೂ ನೋಡಾಕತ್ತೇನಿ ಯವ್ವಾ,” ಎನ್ನುವುದು ಪದ್ಧತಿ. ಸಾವಿರದ ಒಂಬೈನೂರ ಎಪ್ಪತ್ತೈದರ ಮಳೆಗಾಲದಲ್ಲಿ, ಇವರು ರಜೆಗೆ ಬಂದಿದ್ದಾಗಲೇ, ಕಸ್ತೂರೆವ್ವನಿಗೇ ವಾಂತಿಭೇದಿ ಹತ್ತಿತು. ಭೇದಿಗೆ ನೀರು ಕೊಡಬಾರದೆಂದು ಓಣಿಯವರು ತಂಬಿಗೆ ಬಚ್ಚಿಟ್ಟರು. ಡಾಕ್ಟರು ಅದನ್ನು ಕಸಿದು, ಕಾಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ ಕಲಸಿ, “ಸಕ್ಕರಿ ಕೈ ಹಿಡದ್ರ ಉಪ್ಪು ಕರಳು ದಾಟತೈತಿ, ಹಿಂದ ನೀರೂ ಹೋಗತೈತಿ,” ಎನ್ನುತ್ತ ದಿನವಿಡೀ ಚಮಚೆಯಿಂದ ಕುಡಿಸಿದರು. ಓಣಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಸಂಜೆ ಕಸ್ತೂರೆವ್ವ ಕಣ್ಣುಬಿಟ್ಟು, “ದಾಟಿತೇನಪಾ?” ಎಂದಳು. ಮಹಾವೀರರು ಗಳಗಳನೆ ಅತ್ತರು: “ದಾಟಿತು ಯವ್ವಾ.”