ನೀವು ಮೊದಲ ಮಾಡ್ರಿ

ಔರಾದ ಬಸ್ ನಿಲ್ದಾಣದಲ್ಲಿ ಒಬ್ಬ ಕಂಡಕ್ಟರ್ ನನ್ನನ್ನು ‘ಆಯಿ’ ಅಂದ. ನಮ್ಮ ಕಡೆ ಆಯಿ ಎಂದರೆ ಅಜ್ಜಿ. ನಾನು ಕಲಿಸುವ ಶಾಲೆ ಮುಗಿಸಿ ಬೀದರದ ಮನೆಗೆ ಹೊರಟಿದ್ದೆ. ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಸೀರೆಯ ನೆರಿಗೆ ಹಿಡಿದು ಮೆಟ್ಟಿಲು ಏರಲು ಹೆಣಗುತ್ತಿದ್ದೆ.

“ಲಗೂ ಏರ್ರಿ ಆಯಿ, ಟೈಮ್ ಆಗ್ಯದ!”

ನನಗಿನ್ನೂ ಐವತ್ತು ದಾಟಿಲ್ಲ. ಅವನ ತಲೆಯೇ ನನ್ನದಕ್ಕಿಂತ ಬೆಳ್ಳಗಿತ್ತು. ಸಂತಪುರ ಬರುವವರೆಗೆ ಮನಸ್ಸಿನಲ್ಲೇ ಅವನನ್ನು ಬೈದೆ. ಅಲ್ಲಿಂದ ಮುಂದೆ ನನ್ನ ಮೊಣಕಾಲುಗಳನ್ನು ಬೈದೆ. ಯಾರ ಆಸರೆಯೂ ಇಲ್ಲದೆ ಬಸ್ಸು ಏರುವಂತಾಗಬೇಕು ಎಂದು ಹಟ ಹುಟ್ಟಿತು. ಮರುವಾರವೇ ಬೀದರದ ನೌಬಾದ ಬಡಾವಣೆಯ ನಮ್ಮ ಮನೆಯ ಹತ್ತಿರದ ಜಿಮ್‌ನಲ್ಲಿ ಹೆಂಗಸರ ಬ್ಯಾಚಿಗೆ ಸೇರಿದೆ.

ನಾನು ಸಂತಪುರದ ಕುರಿ ಸಾಕುವವರ ಮನೆಯ ಮಗಳು. ಟಗರಿನ ಕೊಂಬು ಹಿಡಿದು ಎಳೆದವಳು. ಆದರೂ ಜಿಮ್‌ನ ಬಾಗಿಲಲ್ಲಿ ನಿಂತಾಗ ತಿರುಗಿ ಮನೆಗೆ ಹೋಗಿಬಿಡಲೇ ಎನಿಸಿತು. ಸುತ್ತಲೂ ಕನ್ನಡಿ, ಎತ್ತ ತಿರುಗಿದರೂ ಹೊಸ ಬಿಳಿ ಬೂಟು ತೊಟ್ಟ ನಾನೇ.

“ಮೇಡಂ, ಇದರಾಗ ಕುಂತು ಕಾಲಿಂದ ದಬ್ಬಬೇಕ್ರಿ. ಮೊಣಕಾಲಿಗಿ ಛಲೋ,” ಎಂದು ತರಬೇತಿ ಕೊಡುವ ಹುಡುಗಿ ಒಂದು ಮಷಿನ್ ತೋರಿಸಿದಳು. ದಬ್ಬಲಾಗದೆ ಸಿಕ್ಕಿಕೊಂಡರೆ? ಎಲ್ಲರೂ ನಕ್ಕರೆ? ಅಷ್ಟರಲ್ಲಿ ಹಿಂದೆ ಯಾರೋ ಬಂದು ನಿಂತರು. ನಾನು ಥಟ್ಟನೆ ಪಕ್ಕಕ್ಕೆ ಸರಿದು, “ನೀವು ಮೊದಲ ಮಾಡ್ರಿ,” ಅಂದೆ.

ನಮ್ಮಲ್ಲಿ ಈ ಮಾತಿಗೆ ಬಹಳ ಬೆಲೆ. ಊಟಕ್ಕೆ ಕೂರುವಾಗ, ಬಾಗಿಲು ದಾಟುವಾಗ, ಆಟೋ ಹತ್ತುವಾಗಲೂ ಇದನ್ನು ಹೇಳದಿದ್ದರೆ ಹುಟ್ಟಿದ ಮನೆಗೇ ಕೆಟ್ಟ ಹೆಸರು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಮರುದಿನವೂ ಅದನ್ನೇ ಹೇಳಿದೆ, ಅದರ ಮರುದಿನವೂ. ಟ್ರೆಡ್‌ಮಿಲ್ ಮೇಲೆ ನಾಲ್ಕು ಹೆಜ್ಜೆ ಹಾಕಿ, ನೀರು ಕುಡಿದು ಮನೆಗೆ ಬರುತ್ತಿದ್ದೆ. “ಮೇಡಂ ನಡತಿ ಎಷ್ಟು ಛಂದ ಅದ ನೋಡ್ರಿ,” ಎಂದು ಹೆಂಗಸರು ಹೊಗಳತೊಡಗಿದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ! ಮೊಣಕಾಲು ಮಾತ್ರ ಇದ್ದಂತೆಯೇ ಇದ್ದವು.

ಒಂದು ಸಂಜೆ ಹೊಸಬಳೊಬ್ಬಳು ಬಂದಳು. ಭಾಲ್ಕಿಯವಳು, ಈಚೆಗೆ ನೌಬಾದದಲ್ಲಿ ಮನೆ ಮಾಡಿದ್ದಳು. ಆ ಮಷಿನ್ ಹತ್ತಿರ ನಾವಿಬ್ಬರೇ.

“ನೀವು ಮೊದಲ ಮಾಡ್ರಿ,” ಅಂದೆ.

“ಛೇ, ಹ್ಯಾಂಗ್ರಿ ಅಕ್ಕಾ? ನೀವು ದೊಡ್ಡವರು, ನೀವು ಮಾಡ್ರಿ.”

“ನೀವು ಹೊಸಬರು, ನೀವೇ ಕೂಡ್ರಿ.”

ಮರ್ಯಾದೆಯಲ್ಲಿ ಭಾಲ್ಕಿಯವರು ಸಂತಪುರದವರಿಗೆ ಸೋಲುವವರಲ್ಲ. ಇಬ್ಬರೂ ಜಗ್ಗಲಿಲ್ಲ. ಕೊನೆಗೆ ಆಕೆ ಓಢಣಿಯ ತುದಿ ತಿರುಚುತ್ತಾ ಮೆಲ್ಲಗೆ ಅಂದಳು: “ಖರೇ ಹೇಳ್ತೇನ್ರಿ ಅಕ್ಕಾ, ನಂಗ ಭಾಳ ಅಂಜಿಕಿ ಆಗ್ಯದ. ನೀವು ಮಾಡಿ ತೋರಸ್ರಿ. ಇಲ್ಲಂದ್ರ ನಾ ಮನಿಗಿ ಹೋಗ್ತೇನಿ.”

ಹೋದರೆ ಮತ್ತೆ ಬರುವವಳಲ್ಲ ಎಂದು ನನಗೆ ಗೊತ್ತಿತ್ತು. ಅವಳ ಹಿಂದೆಯೇ ನಾನೂ ಹೋಗಿಬಿಡುತ್ತಿದ್ದೆ, ಅದೂ ಗೊತ್ತಿತ್ತು. ಕುಳಿತೆ. ಕಣ್ಣು ಮುಚ್ಚಿ ದಬ್ಬಿದೆ. ಏನೂ ಆಗಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ದಬ್ಬಿದೆ. ಮಷಿನ್ ನರಳಿತು, ನಾನು ಅದಕ್ಕಿಂತ ಜೋರಾಗಿ ನರಳಿದೆ.

“ಸರೀತು ನೋಡ್ರಿ!” ಎಂದು ಆಕೆ ಕೂಗಿದಳು. ಕಣ್ಣು ಬಿಟ್ಟರೆ ಕಾಲು ನೆಟ್ಟಗಾಗಿದ್ದವು. ನನ್ನ ಕಾಲೇ! ಅಳು ಬರುವಷ್ಟು ಖುಷಿಯಾಯಿತು.

“ನಿಮಗ ರೂಢಿ ಅದ, ಮಾಡ್ತೀರಿ,” ಅಂದಳು.

“ಎಲ್ಲೀದು? ನಾನೂ ಇವತ್ತೇ ಮೊದಲ ಸಲ ಕುಂತೀನಿ.”

“ಮತ್ತ ಇಷ್ಟು ದಿನ ಏನು ಮಾಡಿದ್ರಿ?”

“ಎಲ್ಲಾರಿಗೂ ಮರ್ಯಾದಿ ಮಾಡೀನಿ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಆಕೆ ಕುಳಿತಳು. ಕಾಲು ಇಟ್ಟು, ಕತ್ತು ಹೊರಳಿಸಿ ನನ್ನನ್ನು ಹುಡುಕಿದಳು.

“ಅಕ್ಕಾ, ನೋಡ್ಲಿಕತ್ತೀರಿಲ್ಲ?”

“ನೋಡ್ಲಿಕತ್ತೀನವಾ. ದಬ್ಬು.”