ಅಪ್ಪನ ಬೆರಳಿನ ಮುಳ್ಳು

ನಮ್ಮ ಬಿಜ್ಜರಗಿಯ ಹೊಲದಲ್ಲಿ ಜಾಲಿ ಮುಳ್ಳು ಚುಚ್ಚಿಸಿಕೊಳ್ಳದವರು ಯಾರೂ ಇರಲಿಲ್ಲ. ಮುಳ್ಳು ತೆಗೆಯುವುದರಲ್ಲಿ ನಮ್ಮವ್ವನದು ಎತ್ತಿದ ಕೈ. ಸೂಜಿಯಿಂದ ಮೆಲ್ಲಗೆ ಚರ್ಮ ಬಿಡಿಸಿ, ಮುಳ್ಳು ಕಿತ್ತು, ಕಾಸಿದ ಬೆಲ್ಲ ಹಚ್ಚಿ ಕಳಿಸುತ್ತಿದ್ದಳು. ಅದರ ಬಗ್ಗೆ ಅವಳಿಗೆ ಸಣ್ಣ ಜಂಬವೂ ಇತ್ತು. ಹೀಗಾಗಿ ಎಪ್ಪತ್ತರ ದಶಕದ ಒಂದು ಸುಗ್ಗಿಯಲ್ಲಿ ಅಪ್ಪನ ಬಲಗೈ ತೋರುಬೆರಳ ತುದಿಗೆ ಕಡಲೆಕಾಳಿನಷ್ಟು ಗಂಟು ಎದ್ದಾಗ, ಮುಳ್ಳು ಮುರಿದು ಒಳಗೆ ಉಳಿದಿದೆ ಎಂದು ಅವ್ವ ಹೇಳಿದಳು. ನಾವೆಲ್ಲ ನಂಬಿದೆವು.

ಆ ಮುಳ್ಳು ಮಾತ್ರ ಸಿಗಲಿಲ್ಲ. ಊಟವಾಗಿ ಅಪ್ಪ ಕಟ್ಟೆಯ ಮೇಲೆ ಕುಳಿತರೆ ಸಾಕು, ಅವ್ವ ಸೂಜಿ ಹಿಡಿದು ಬರುತ್ತಿದ್ದಳು. ತಿಕೋಟಾದ ಡಾಕ್ಟರು ಒಮ್ಮೆ, ಬಬಲೇಶ್ವರದವರು ಒಮ್ಮೆ ಗಂಟನ್ನು ಕೊಯ್ದು ತೆಗೆದು, ತೆಗೆದದ್ದನ್ನು ಹತ್ತಿಯ ಜೊತೆ ಬುಟ್ಟಿಗೆ ಹಾಕಿದರು. ಗಾಯ ಮಾಯ್ದ ಕೆಲವು ತಿಂಗಳಿಗೆ ಅದೇ ಜಾಗದಲ್ಲಿ ಗಂಟು ಮತ್ತೆ ಎದ್ದಿತು, ಮೊದಲಿಗಿಂತ ದೊಡ್ಡದಾಗಿ. ಚರ್ಮ ಒಡೆದು ನೀರು ಜಿನುಗತೊಡಗಿತು. ಮುಳ್ಳಿನ ಮೊನೆ ಇನ್ನೂ ಒಳಗಿದೆ ಎಂದೇ ಅಪ್ಪನ ವಾದ.

ನಾನಾಗ ಬಿಜಾಪುರದಲ್ಲಿ, ಗಾಂಧಿ ಚೌಕದ ಹಿಂದಿನ ಓಣಿಯಲ್ಲಿದ್ದುಕೊಂಡು ಸಾಲಿಯಲ್ಲಿ ಕಲಿಸುತ್ತಿದ್ದೆ. ತಾಳ್ಮೆ ನನಗೆ ಹುಟ್ಟಿನಿಂದಲೇ ಕಡಿಮೆ. ಊರಿಗೆ ಹೋದಾಗ ಆ ಬೆರಳು ನೋಡಿ ತಲೆ ಕೆಟ್ಟುಹೋಯಿತು. ಇಬ್ಬರನ್ನೂ ಬಾಯಿಗೆ ಬಂದಂತೆ ಬೈದು, ಬಸ್ಸು ಹತ್ತಿಸಿ, ನಮ್ಮ ಓಣಿಗೆ ಹತ್ತಿರದ ಸರ್ಜನ್ ಬಳಿ ಕರೆತಂದೆ. ಅವರು ಗಂಟಿನ ಒಂದು ಚೂರು ತೆಗೆದು, ಬಾಟಲಿಯಲ್ಲಿ ಹಾಕಿ ಪರೀಕ್ಷೆಗೆಂದು ಮಿರಜದ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಉತ್ತರ ಬಂದ ದಿನ ಡಾಕ್ಟರು ನಮ್ಮ ಮೂವರನ್ನೂ ಎದುರಿಗೆ ಕೂರಿಸಿಕೊಂಡರು.

"ಇದು ಮುಳ್ಳಿನ ಗಂಟು ಅಲ್ರಿ. ಬೆವರು ಬರೋ ಗ್ರಂಥಿಯೊಳಗ ಹುಟ್ಟಿದ ಕ್ಯಾನ್ಸರ್. ಪುಸ್ತಕದಾಗ ಓದೀನಿ, ಕಣ್ಣಿಲೆ ನೋಡಿದ್ದು ಇದ ಮೊದಲ."

ಅವರು ಅಪ್ಪನ ಕಂಕುಳನ್ನು ಒತ್ತಿ ಒತ್ತಿ ನೋಡಿದರು, ಎದೆಯ ಎಕ್ಸ್‌ರೇ ಫೋಟೋ ತೆಗೆಸಿದರು. ಸದ್ಯಕ್ಕೆ ಎರಡೂ ಚೊಕ್ಕವಾಗಿದ್ದವು. ಗಂಟನ್ನಷ್ಟೇ ಕೊಯ್ದರೆ ಇದು ಮತ್ತೆ ಬರುತ್ತದೆ, ಬೆರಳನ್ನೇ ತೆಗೆದರೆ ಜೀವ ಉಳಿದೀತು, ತಡ ಮಾಡಿದರೆ ಕಂಕುಳಿಗೆ ಏರಿ ಎದೆಗೆ ಹೋಗುತ್ತದೆ ಎಂದರು. ಆಮೇಲೆ ಬೆರಳ ಮೇಲಿನ ಕಲೆಗಳನ್ನು ನೋಡುತ್ತ, ಇದನ್ನು ಹೀಗೆ ಕೆದರಿದವರು ಯಾರು ಎಂದು ಸಹಜವಾಗಿ ಕೇಳಿದರು. ಅವ್ವ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಕೆದರಿದ್ದರಿಂದ ಈ ರೋಗ ಹುಟ್ಟುವುದಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದ್ದು ಅವಳ ಕಿವಿಗೆ ಬೀಳಲೇ ಇಲ್ಲ.

ಅಪ್ಪ ಹಟ ಹಿಡಿದ. ಒಂದು ಮುಳ್ಳಿಗಾಗಿ ಬೆರಳು ಕಡಿಸಿಕೊಳ್ಳುವುದು ಯಾವ ಶಾಣ್ಯಾತನ ಎಂದು ನನ್ನನ್ನೇ ಕೇಳಿ, ಊರಿನ ಬಸ್ಸು ಹತ್ತಿಯೇಬಿಟ್ಟ. ನಾನು ರವಿವಾರಕ್ಕೊಮ್ಮೆ ಹೋಗಿ ಬೈಯುವುದು, ಅವನು ದನಗಳ ಕಡೆ ಎದ್ದು ಹೋಗುವುದು. ಗಂಟು ಬೆಳೆಯುತ್ತಲೇ ಇತ್ತು. ಬೆಳೆದ ಮಗಳು ತಂದೆಯ ಕಂಕುಳಿಗೆ ಕೈ ಹಾಕಿ ಅಲ್ಲೂ ಗಂಟಿದೆಯೇ ಎಂದು ನೋಡುವುದು ಹೇಗೆ? ಎಣ್ಣೆ ಹಚ್ಚುವಾಗ ನೀನು ನೋಡು ಎಂದು ಅವ್ವನಿಗೆ ಹೇಳಿದೆ. ಅವಳು ಒಲ್ಲೆನೆಂದಳು. ಬಿಜಾಪುರದಿಂದ ಬಂದ ಮೇಲೆ ಅವಳು ಅಪ್ಪನನ್ನು ಮುಟ್ಟುವುದನ್ನೇ ಬಿಟ್ಟಿದ್ದಳು. ತಾಟನ್ನೂ ದೂರದಿಂದ ಸರಿಸುತ್ತಿದ್ದಳು. ನೆರೆಮನೆಯಾಕೆ ಮುಳ್ಳು ತೆಗೆಸಿಕೊಳ್ಳಲು ಬಂದರೆ, ಕಣ್ಣು ಕಾಣಿಸುವುದಿಲ್ಲ ಎಂದು ಸುಳ್ಳು ಹೇಳಿ ಕಳಿಸಿದಳು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ.

ಒಂದು ಸಂಜೆ ಒಲೆಯ ಮುಂದೆ ಅವ್ವ ಬಾಯಿ ಬಿಟ್ಟಳು.

"ನಾನ ಕೆದರಿ ಕೆದರಿ ಅವರ ಕೈ ಹಾಳ ಮಾಡಿದೆ. ಅವರು ಸತ್ರ ನಾನ ಕೊಂದಂಗ, ಯವ್ವಾ."

ಹಾಗೇನಿಲ್ಲ ಎಂದು ನಾನು ಎಷ್ಟು ಹೇಳಿದರೂ ಅವಳು ತಲೆ ಎತ್ತಲಿಲ್ಲ. ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದ ಅಪ್ಪನ ಹೆಜ್ಜೆ ಸಪ್ಪಳ ಅಷ್ಟರಲ್ಲಿ ನಿಂತುಹೋಗಿತ್ತು. ಅವನು ಎಲ್ಲ ಕೇಳಿಸಿಕೊಂಡಿದ್ದ.

ಮರುದಿನ ಬೆಳಿಗ್ಗೆ ರುಮಾಲು ಸುತ್ತಿಕೊಂಡು ಬಿಜಾಪುರಕ್ಕೆ ಹೊರಟು ನಿಂತ. ಅವ್ವನಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ:

"ಬೆರಳು ಕಡೀಲಿ. ಆದ್ರ ಕಡದ ಮ್ಯಾಲ ಅದನ್ನ ನನ್ನ ಮುಂದ ಸೀಳಿ ತೋರಸಬೇಕು. ಮುಳ್ಳು ಐತೋ ಇಲ್ಲೋ ನಾ ನೋಡಬೇಕು."

ಡಾಕ್ಟರು ನಗಲಿಲ್ಲ. ಮಿರಜಕ್ಕೆ ಕಳಿಸುವ ಮೊದಲು ಹೇಗಿದ್ದರೂ ಸೀಳುವುದೇ, ತೋರಿಸುತ್ತೇನೆ ಎಂದರು. ಕಂಕುಳನ್ನು ಮತ್ತೊಮ್ಮೆ ಒತ್ತಿ ನೋಡಿದರು. ಅಲ್ಲಿ ಗಂಟಿರಲಿಲ್ಲ.

ಕೈಯಷ್ಟನ್ನೇ ಮರಗಟ್ಟಿಸಿ ಬೆರಳು ತೆಗೆದರು. ಅಪ್ಪ ಎಚ್ಚರವಾಗಿಯೇ ಇದ್ದ. ನಾನೂ ನೋಡಬೇಕೆಂದು ಅವನು ಕೇಳಿಕೊಂಡಿದ್ದರಿಂದ ನನ್ನನ್ನು ಒಳಗೆ ಕರೆದರು. ತಟ್ಟೆಯಲ್ಲಿದ್ದ ಬೆರಳನ್ನು ಡಾಕ್ಟರು ಉದ್ದಕ್ಕೆ ಸೀಳಿ, ಚಿಮಟದಿಂದ ಬಿಡಿಸಿ ಬಿಡಿಸಿ ತೋರಿಸಿದರು. ಬೂದು ಬಿಳಿಯ ಗಡ್ಡೆ, ನಡುನಡುವೆ ಸಣ್ಣ ಸಣ್ಣ ಪೊಳ್ಳು. ಮುಳ್ಳಿರಲಿಲ್ಲ. ಮುಳ್ಳಿನ ಚೂರೂ ಇರಲಿಲ್ಲ. ಅಪ್ಪ ಬಹಳ ಹೊತ್ತು ನೋಡಿದ. ಆಮೇಲೆ, ಸಾಕು, ಮುಚ್ಚಿರಿ ಎಂದ.

ಅವ್ವ ಹೊರಗಿನ ಬಾಕಿನ ಮೇಲೆ ಬುತ್ತಿಯ ಗಂಟು ಹಿಡಿದು ಕುಳಿತಿದ್ದಳು. ಅಪ್ಪನನ್ನು ಮಂಚದ ಮೇಲೆ ಮಲಗಿಸಿದ ಮೇಲೆ ನಾನು ಅವಳ ಕೈ ಹಿಡಿದು ಒಳಗೆ ಕರೆತಂದೆ. ಅವಳು ಪಟ್ಟಿ ಸುತ್ತಿದ ಕೈಯನ್ನು ನೋಡಲಿಲ್ಲ.

"ಸಿಕ್ತೇನ್ರಿ?" ಎಂದಳು.

"ಸಿಕ್ತು," ಎಂದ ಅಪ್ಪ. "ಎಲುವಿಗೆ ಹತ್ತಿ ಕೂತಿತ್ತು. ನಿನ್ನ ಸೂಜಿಗೆ ಎಲ್ಲಿ ಸಿಗಬೇಕದು."

ಅವ್ವ ನನ್ನ ಕಡೆ ತಿರುಗಿದಳು. ಇದ್ದದ್ದನ್ನು ಇದ್ದ ಹಾಗೆ ಮುಖದ ಮೇಲೆ ಹೇಳುವವಳು ಎಂದು ಮನೆಯಲ್ಲಿ ನನಗೆ ಹೆಸರಿತ್ತು.

"ಹೌದಬೇ," ಎಂದೆ. "ನಾನೂ ನೋಡಿದೆ."

ಅವ್ವ ಮಂಚದ ಅಂಚಿಗೆ ಕುಳಿತು ಬುತ್ತಿ ಬಿಚ್ಚಿದಳು. ರೊಟ್ಟಿ ಮುರಿದು, ಪಲ್ಯ ಹಚ್ಚಿ, ತನ್ನ ಕೈಯಿಂದಲೇ ಅಪ್ಪನ ಬಾಯಿಗೆ ಹಿಡಿದಳು.