ಜಗಳದ ಟೀಚರ್

ಥಾಣೆಯಿಂದ ನೆರೂಳಿಗೆ ಹೋಗುವ ಲೋಕಲ್ ರೈಲು ನವಿ ಮುಂಬಯಿಯ ತುರ್ಭೆ ದಾಟುವಾಗ ಕೆಲವು ದಿನ ಡಬ್ಬಿಯೊಳಗೆ ಮೆಣಸಿನ ಘಾಟು ನುಗ್ಗುತ್ತದೆ. ಮಸಾಲೆ ಗೋಡೌನುಗಳಲ್ಲಿ ಮೂಟೆ ಬಿಚ್ಚಿದ್ದಾರೆ ಎಂದು ಅರ್ಥ. ಲೇಡೀಸ್ ಡಬ್ಬಿಯಲ್ಲಿ ಒಬ್ಬೊಬ್ಬರೇ ಸೀನತೊಡಗುತ್ತಾರೆ, ಮೂಗಿಗೆ ದುಪಟ್ಟಾ ಹಿಡಿಯುತ್ತಾರೆ. ಕಳೆದ ತಿಂಗಳು ಹೀಗೇ ಕೂತಿದ್ದಾಗ ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದ ಹೆಂಗಸು "ಮಿರ್ಚಿ ಹೈ, ಅಭೀ ಠೀಕ್ ಹೋ ಜಾಯೇಗಾ" ಎಂದು ಸಮಾಧಾನ ಹೇಳಿದಳು. ಮಿರ್ಚಿ ಮಾತ್ರ ಆಗಿರಲಿಲ್ಲ… ನನಗೆ ಜಗಳದ ಟೀಚರ್ ನೆನಪಾಗಿದ್ದರು.

ತುರ್ಭೆಯ ನಮ್ಮ ಕನ್ನಡ ಶಾಲೆಗೆ ಅವರು ವಾರಕ್ಕೆ ಎರಡು ದಿನ ನೆರೂಳಿನಿಂದ ಬರುತ್ತಿದ್ದರು. ಶಾಲೆಯ ಲೆಕ್ಕದಲ್ಲಿ ಅವರು ಕೌನ್ಸೆಲರ್. ಆ ಶಬ್ದ ನಮ್ಮ ನಾಲಿಗೆಗೆ ಹೊಂದಲಿಲ್ಲ. ಹೊಡೆದಾಡಿದವರನ್ನೆಲ್ಲ ಅವರ ಕೋಣೆಗೆ ಅಟ್ಟುತ್ತಿದ್ದುದರಿಂದ ಜಗಳದ ಟೀಚರ್ ಎಂದು ಹೆಸರಿಟ್ಟೆವು. ಅದು ಅವರ ಕಿವಿಗೂ ಬಿದ್ದಿತ್ತು. "ಇರ್ಲಿ, ಜಗಳ ಆಡ್ಲಿಕ್ಕೂ ಕಲೀಬೇಕಲ್ಲ" ಅಂದರಂತೆ. ಉಡುಪಿ ಕಡೆಯವರು, ನಿಧಾನದ ಮಾತು. ಒಂದು ಕಿವಿ ಮಂದವಾಗಿದ್ದುದರಿಂದ ತಲೆ ವಾಲಿಸಿ, ಮುಂದೆ ಬಾಗಿ ಕೇಳುತ್ತಿದ್ದರು. ನಮ್ಮ ಮಾತಿಗೆ ಅಷ್ಟು ಬಗ್ಗುವ ದೊಡ್ಡವರನ್ನು ನಾವು ಬೇರೆಲ್ಲೂ ಕಂಡಿರಲಿಲ್ಲ.

ಆಟದ ಸಾಮಾನು ತುಂಬಿದ್ದ ಕೋಣೆಯನ್ನು ಅವರು ತಾವಾಗಿ ಕೇಳಿ ಪಡೆದಿದ್ದರು. ಅದರ ಕಿಟಕಿ ಗೋಡೌನುಗಳ ಕಡೆಗಿತ್ತು. ಒಳಗೆ ಕೂತವರಿಗೆಲ್ಲ ಕಣ್ಣು ಉರಿಯುತ್ತಿತ್ತು. ಹಾಗಾಗಿ ಅಲ್ಲಿ ಅತ್ತವರನ್ನು ಯಾರೂ ಅಳುಬುರುಕರೆಂದು ಹಂಗಿಸುವಂತಿರಲಿಲ್ಲ. ಅದಕ್ಕಾಗಿಯೇ ಆ ಕೋಣೆ ಬೇಕೆಂದದ್ದು ಎಂದು ನನಗೆ ಹೊಳೆದದ್ದು ದೊಡ್ಡವಳಾದ ಮೇಲೆ.

ಅವರ ಕ್ರಮ ಒಂದೇ. ಜಗಳವಾಡಿದ ಇಬ್ಬರೂ ಚಾಪೆಯ ಮೇಲೆ ಎದುರುಬದುರು ಕೂರಬೇಕು. ಮೊದಲು ಇಬ್ಬರೂ ತಮ್ಮ ತಮ್ಮ ದೂರು ಹೇಳಬೇಕು. ಆಮೇಲೆ ನಾನು ಅವಳಾಗಿ, ಅವಳು ನಾನಾಗಿ ಅದನ್ನೇ ಮತ್ತೆ ಹೇಳಬೇಕು. ಎದುರಿನವಳು "ಹೌದು, ಇದೇ" ಅನ್ನುವವರೆಗೆ ಬಿಡುಗಡೆಯಿಲ್ಲ. ಸಾರಿ ಹೇಳಿಸುತ್ತಿರಲಿಲ್ಲ. ನಮಗೋ 'ಸಾರಿ' ಎಂದೊಂದು ಮಾತು ಎಸೆದು ಓಡಿಹೋಗುವುದೇ ಸುಲಭವಿತ್ತು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಮ್ಮ ತಮ್ಮನನ್ನು ಎತ್ತಿಕೊಂಡು ಊರಿಗೆ ಹೊರಟುಹೋದರು. ಗೋಡೌನಿಗೆ ಮೆಣಸು ಆರಿಸುವ ಕೆಲಸಕ್ಕೆ ಹೋಗುತ್ತೇನೆಂದು ಅಮ್ಮ, ಹೋಗಕೂಡದೆಂದು ಅಪ್ಪ. ಮಾತಿಗೆ ಮಾತು ಬೆಳೆದು ಮನೆ ಎರಡಾಯಿತು. ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದ ಅಪ್ಪ, ಯಾರಾದರೂ ಕೇಳಿದರೆ ಅಜ್ಜಿಗೆ ಹುಷಾರಿಲ್ಲ ಅನ್ನು ಎಂದು ನನಗೆ ಹೇಳಿಕೊಟ್ಟರು. ನಾನು ಹಾಗೆಯೇ ಹೇಳಿದೆ. ಹೇಳಿ ಹೇಳಿ, ಗಟ್ಟಿಮುಟ್ಟಾಗಿದ್ದ ಅಜ್ಜಿಗೆ ಇಲ್ಲದ ಕಾಯಿಲೆಗಳೆಲ್ಲ ಅಂಟಿಕೊಂಡವು.

ನನ್ನ ಬೆಂಚಿನವಳು ವಿಜಾಪುರದ ಕಡೆಯವಳು. ಅವಳ ತಾಯಿ ಅದೇ ಗೋಡೌನಿನಲ್ಲಿ ಕೆಲಸಕ್ಕಿದ್ದಳು, ಅಮ್ಮನಿಗೂ ಪರಿಚಯ. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಅವಳು ಎಲ್ಲರ ಮುಂದೆ, "ನಿಮ್ಮಜ್ಜಿಗೆ ಏನೂ ಆಗಿಲ್ಲ. ನಿಮ್ಮಪ್ಪ ನಿಮ್ಮವ್ವನ್ನ ಮನಿ ಬಿಟ್ಟು ಓಡಿಸ್ಯಾನ" ಅಂದುಬಿಟ್ಟಳು. ನನ್ನ ಕೈಯಲ್ಲಿ ಕಂಪಾಸ್ ಡಬ್ಬಿಯಿತ್ತು. ಅವಳ ಹುಬ್ಬಿನ ಮೇಲೆ ರಕ್ತ ಬಂತು.

ನಾನು ಚಾಪೆಯ ಕಡ್ಡಿ ಕೀಳುತ್ತ ಕೂತೆ. ಟೀಚರ್ ಕಾದರು. ಕೊನೆಗೆ ಎಲ್ಲ ಒಂದೇ ಉಸಿರಿಗೆ ಹೊರಬಂತು… ಅಪ್ಪ ಊಟ ಬಿಟ್ಟದ್ದು, ಅಮ್ಮ ಫೋನು ಎತ್ತದೆ ಇದ್ದದ್ದು, ಇನ್ನು ಅವರು ಬರುವುದೇ ಇಲ್ಲವೇನೋ ಎಂಬ ಹೆದರಿಕೆ. ಆಮೇಲೆ ಬೆಂಚಿನವಳ ಸರದಿ. ಹುಬ್ಬಿಗೆ ಹತ್ತಿ ಒತ್ತಿಕೊಂಡೇ ಅವಳು ನಾನಾದಳು. "ನಮ್ಮವ್ವ ಇಲ್ಲ. ಮನಿಗೆ ಹೋದ್ರ ಯಾರೂ ಇರೂದಿಲ್ಲ. ಸುಳ್ಳ ಹೇಳಿ ಹೇಳಿ ನನಗ ಸಾಕಾಗೇತಿ" ಅಂದಳು. ಕೊನೆಯ ಮಾತು ನಾನು ಹೇಳಿರಲಿಲ್ಲ. ಆದರೂ "ಹೌದು, ಇದೇ" ಅಂದೆ. ಅಂದು ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು.

ಮಾತು ಮಾತ್ರ ಕೋಣೆಯಲ್ಲಿ ಉಳಿಯಲಿಲ್ಲ. ಬೆಂಚಿನವಳು ನನ್ನ ಮೇಲಿನ ಮರುಕದಿಂದಲೇ ಮನೆಯಲ್ಲಿ ಹೇಳಿದಳು. ಅವಳ ತಾಯಿ ಗೋಡೌನಿನಲ್ಲಿ ಹೇಳಿದಳು. ಅಲ್ಲಿಂದ ಅದು ಅಪ್ಪನ ಹೋಟೆಲಿನ ಗಲ್ಲಾದವರೆಗೂ ಬಂತು. ಅಪ್ಪ ಬನಿಯನ್ ಮೇಲೊಂದು ಶರ್ಟು ಏರಿಸಿಕೊಂಡು ಶಾಲೆಗೆ ಬಂದರು. ಮೊದಲು ಶಾಲೆ ನಡೆಸುವ ಕಮಿಟಿಯವರಲ್ಲಿ ದೂರಿ, ಆಮೇಲೆ ಕೋಣೆಗೆ ಬಂದರು. ನನ್ನನ್ನೂ ಕರೆಸಿದ್ದರು.

"ಮನೆ ವಿಷಯ ಮಕ್ಕಳ ಬಾಯಿಂದ ಎಂತಕ್ಕೆ ತೆಗೆಸುದು ಟೀಚರ್? ನಮಗೆ ಮರ್ಯಾದೆ ಇಲ್ವಾ?"

"ನೀವು ಹೇಳುದು ಸರಿ. ಮಾತು ಹೊರಗೆ ಹೋದದ್ದು ನನ್ನ ತಪ್ಪು" ಅಂದರು ಟೀಚರ್. ಅಪ್ಪ ವಾದಕ್ಕೆ ತಯಾರಾಗಿ ಬಂದಿದ್ದರು, ಅದು ಸಿಗದೆ ಚಾಪೆಯ ಮೇಲೆ ಕೂತುಬಿಟ್ಟರು. ಟೀಚರ್ ಎದುರು ಕೂತು, ಅಪ್ಪನಾಗಿ ಮಾತು ಶುರು ಮಾಡಿದರು.

"ನಾನು ಬೆಳಿಗ್ಗೆಯಿಂದ ದೋಸೆ ಕಾವಲಿ ಎದುರು ನಿಂತಿರ್ತೇನೆ. ಹೆಂಡತಿ ಮೆಣಸು ಆರಿಸ್ಲಿಕ್ಕೆ ಹೋದ್ರೆ, ಇವನಿಗೆ ಮನೆ ನಡೆಸ್ಲಿಕ್ಕೆ ಆಗುದಿಲ್ಲ ಅಂತ ಹೋಟ್ಲಲ್ಲಿ ನಗ್ತಾರೆ. ಅದನ್ನು ಅವಳ ಹತ್ರ ಹೇಳ್ಲಿಕ್ಕೆ ಬರ್ಲಿಲ್ಲ, ಬೈದೆ. ಈಗ ಕರೀಲಿಕ್ಕೆ ನಾಚಿಕೆ ಆಗ್ತದೆ."

ಅಪ್ಪ ಕಿಟಕಿಯ ಕಡೆ ನೋಡುತ್ತ ಕೇಳಿದರು, "ಇದೆಲ್ಲ ನಿಮಗೆ ಯಾರು ಹೇಳಿದ್ದು?"

"ನಿಮ್ಮ ಮಗಳು."

ಅರ್ಧ ನಾನು ಹೇಳಿದ್ದು, ಉಳಿದದ್ದು ಅವರೇ ಊಹಿಸಿಕೊಂಡದ್ದು. ಅಪ್ಪ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಕಣ್ಣೊರೆಸಿಕೊಂಡು ಎದ್ದುಹೋದರು.

ಆದರೆ ದೂರು ಕಮಿಟಿಯ ಕೈ ಸೇರಿಯಾಗಿತ್ತು. ಪಾಠ ಮಾಡದೆ ಮಕ್ಕಳ ಜೊತೆ ಹರಟುವ ಟೀಚರ್ ಯಾಕೆ ಎಂದು ಮೊದಲಿನಿಂದಲೂ ಗೊಣಗುತ್ತಿದ್ದವರಿಗೆ ನೆವ ಸಿಕ್ಕಿತು. ಅಪ್ಪ ಹೋಗಿ ದೂರು ಹಿಂದೆ ತೆಗೆದುಕೊಳ್ಳಬಹುದಿತ್ತು, ಹೋಗಲಿಲ್ಲ. ರಜೆ ಮುಗಿದು ಜೂನಿನಲ್ಲಿ ಶಾಲೆ ತೆರೆದಾಗ ಕೋಣೆಗೆ ಬೀಗ, ಟೀಚರನ್ನು ಬಿಡಿಸಿಬಿಟ್ಟಿದ್ದರು. ಅಲ್ಲಿಂದ ಮುಂದೆ ಜಗಳವಾಡಿದವರನ್ನು ಬಿಸಿಲಲ್ಲಿ ನಿಲ್ಲಿಸತೊಡಗಿದರು. ಬೇಗ ಮುಗಿಯುತ್ತಿತ್ತು. ಆ ಕಮಿಟಿಯ ಮೇಲೆ, ಅಪ್ಪನ ಮೇಲೂ, ಆ ವಿಷಯದಲ್ಲಿ ನನಗೆ ಈಗಲೂ ಸಿಟ್ಟಿದೆ. ಟೀಚರ ಮನೆ ನೆರೂಳಿನಲ್ಲಿ ಎಲ್ಲಿ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಓದು, ಕೆಲಸ, ಮದುವೆ, ಕಾಮೋಠೆಯ ಮನೆ… ವರ್ಷಗಳು ಹೋದವು.

ಕಳೆದ ತಿಂಗಳ ಆ ದಿನ ರೈಲಿನಿಂದ ಇಳಿದವಳೇ ಹಳೆಯ ಹೆಡ್‌ಮಿಸ್ಸಿಗೆ ಫೋನು ಮಾಡಿ ವಿಳಾಸ ಪಡೆದೆ. ಭಾನುವಾರ ಹೋದೆ. ಬಾಗಿಲು ತೆರೆದವರು ಟೀಚರ ಯಜಮಾನರು. ಟೀಚರ್ ಇದ್ದಾರಾ ಎಂದು ಕೇಳಿದೆ. ಕಳೆದ ಮಳೆಗಾಲದಲ್ಲಿ ತೀರಿಕೊಂಡಳು ಅಂದರು. ತುರ್ಭೆ ಶಾಲೆಯವಳೆಂದು ಹೇಳಿದಾಗ ಒಳಗೆ ಕರೆದು ಕೂರಿಸಿದರು.

"ಆ ಶಾಲೆ ಬಿಟ್ಟ ಮೇಲೆ ಅವಳು ಬೇರೆ ಎಲ್ಲಿಗೂ ಹೋಗ್ಲೇ ಇಲ್ಲ. ಎಷ್ಟು ಹೇಳಿದರೂ ಕೇಳ್ಲಿಲ್ಲ. ಒಂದು ಹುಡುಗಿ ಇತ್ತಂತೆ, ಅದರ ತಾಯಿ ಮನೆ ಬಿಟ್ಟು ಹೋದದ್ದು. ಆ ತಾಯಿ ವಾಪಸ್ ಬಂದಳೋ ಇಲ್ವೋ, ನನ್ನಿಂದ ಇನ್ನೂ ಹಾಳಾಯ್ತೋ ಏನೋ ಅಂತ… ಕಡೆಯವರೆಗೂ ಅವಳಿಗೆ ಅದೇ ಯೋಚನೆ."

"ಬಂದರು" ಅಂದೆ. "ಆ ಹುಡುಗಿ ನಾನೇ. ಅಪ್ಪ ಊರಿಗೆ ಹೋಗಿ ಕರಕೊಂಡು ಬಂದರು. ಆಮೇಲೆ ಅಮ್ಮ ಗೋಡೌನಿಗೂ ಹೋದರು, ಅಪ್ಪ ಏನೂ ಅನ್ನಲಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. "ಯಾವಾಗ ಬಂದದ್ದು?"

"ಆ ಬೇಸಿಗೆ ರಜೆಯಲ್ಲೇ."

ನಾನು ಹೇಳಲು ಹೋಗಿದ್ದ ಸುದ್ದಿ ಅಷ್ಟೇ ಇತ್ತು. ಅದನ್ನು ಕೇಳಬೇಕಾಗಿದ್ದವರು ಇರಲಿಲ್ಲ.